ಮಂಗನ ಕಾಯಿಲೆ ಬೇರೆ, ಮಂಗನಬಾವು ಬೇರೆ, ಮಂಕಿಪಾಕ್ಸ್ ಬೇರೆ: ಪದದ ಅರ್ಥ ಬದಲಾದಾಗ ಫಾರ್ವರ್ಡ್ ದಾರಿ ತಪ್ಪುವುದು ಹೇಗೆ?

2022ರ ಜುಲೈನಲ್ಲಿ ಕೇರಳದಲ್ಲಿ ದೇಶದ ಮೊದಲ ಮಂಕಿಪಾಕ್ಸ್ ಪ್ರಕರಣ ಪತ್ತೆಯಾಯಿತು. ಸುದ್ದಿ ಕನ್ನಡಕ್ಕೆ ಬರುವಾಗ ಕೆಲವರು ಮಂಕಿಪಾಕ್ಸ್ ಎಂದೇ ಬರೆದರು, ಕೆಲವರು 'ಮಂಗನ ಸಿಡುಬು' ಎಂದರು. ಆದರೆ ಮಲೆನಾಡಿನವರಿಗೆ 'ಮಂಗ' ಮತ್ತು 'ಕಾಯಿಲೆ' ಎಂಬ ಪದಗಳು ಅಕ್ಕಪಕ್ಕ ಕಂಡರೆ ನೆನಪಾಗುವುದು ಬೇರೆಯೇ ಒಂದು ರೋಗ. ಊರಿನ ಹಿರಿಯರನ್ನು ಕೇಳಿದರೆ ಅವರು ಮೂರನೆಯದೊಂದನ್ನು ಹೇಳಬಹುದು. ಹೆಸರು ಹೀಗೆ ಒಂದರ ಮೇಲೊಂದು ಬಿದ್ದಿರುವಾಗ "ಮಂಗನ ರೋಗ ಬಂದಿದೆ, ಎಚ್ಚರ!" ಎಂಬ ಒಂದು ಸಾಲಿನ ಸಂದೇಶ ಓದಿದವರು ಯಾವುದರಿಂದ ಎಚ್ಚರವಾಗಿರಬೇಕು?

ಮೊದಲು ಮೂರನ್ನೂ ಬಿಡಿಸಿ ನೋಡೋಣ.

ಮಂಗನ ಕಾಯಿಲೆ ಎಂದರೆ ಕ್ಯಾಸನೂರು ಅರಣ್ಯ ಕಾಯಿಲೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಇದನ್ನು ಗುರುತಿಸಿದರು. ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಹಿಂದೆಯೇ ಸುತ್ತಲಿನ ಹಳ್ಳಿಗಳ ಜನರಿಗೆ ಜ್ವರ ಬರುತ್ತಿತ್ತು. ಹಾಗಾಗಿ ಜನರ ಬಾಯಲ್ಲಿ ಅದು ಮಂಗನ ಕಾಯಿಲೆ ಆಯಿತು. ಆದರೆ ಮನುಷ್ಯರಿಗೆ ಇದನ್ನು ದಾಟಿಸುವುದು ಮುಖ್ಯವಾಗಿ ಉಣುಗು, ಅಂದರೆ ಕಾಡಿನ ತರಗೆಲೆಯಲ್ಲಿ, ದನಗಳ ಮೈಮೇಲೆ ಇರುವ ರಕ್ತ ಹೀರುವ ಸಣ್ಣ ಹುಳು. ಸತ್ತ ಮಂಗನ ಮೈಯಿಂದ ಉಣುಗುಗಳು ಕೆಳಗಿಳಿಯುತ್ತವೆ. ಅದಕ್ಕೇ ಮಂಗ ಸತ್ತು ಬಿದ್ದ ಜಾಗ ಅಪಾಯದ್ದು. ಮಂಗ ಇಲ್ಲಿ ನಮ್ಮಂತೆಯೇ ರೋಗಕ್ಕೆ ಸಿಕ್ಕ ಪ್ರಾಣಿ, ಹೆಚ್ಚೆಂದರೆ ಮುನ್ಸೂಚನೆ ಕೊಡುವ ಪ್ರಾಣಿ. ಒಬ್ಬರಿಂದ ಒಬ್ಬರಿಗೆ ಈ ಕಾಯಿಲೆ ಹರಡುವುದು ಕಂಡುಬಂದಿಲ್ಲ.

ಮಂಗನಬಾವು ಇದಕ್ಕೆ ಸಂಬಂಧವೇ ಇಲ್ಲದ್ದು. ಕಿವಿಯ ಕೆಳಗಿನ ಜೊಲ್ಲುಗ್ರಂಥಿ ಊದಿಕೊಳ್ಳುವ, ಹೆಚ್ಚಾಗಿ ಮಕ್ಕಳಿಗೆ ಬರುವ ಮಂಪ್ಸ್ ಇದು. ಕೆಮ್ಮು, ಸೀನು, ಎಂಜಲಿನ ಮೂಲಕ ಹರಡುತ್ತದೆ. ಕೆನ್ನೆ ಊದಿದ ಮುಖ ನೋಡಿದವರಿಗೆ ಈ ಹೆಸರು ಯಾಕೆ ಬಂತು ಎಂದು ಊಹಿಸುವುದು ಕಷ್ಟವಲ್ಲ. ನಿಜವಾದ ಮಂಗಕ್ಕೂ ಇದಕ್ಕೂ ಏನೂ ವ್ಯವಹಾರವಿಲ್ಲ.

ಮಂಕಿಪಾಕ್ಸ್ ಸಿಡುಬಿನ ವೈರಸ್‌ನ ಬಳಗಕ್ಕೆ ಸೇರಿದ್ದು. 1958ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನ ಒಂದು ಪ್ರಯೋಗಾಲಯದಲ್ಲಿ ಇಟ್ಟಿದ್ದ ಮಂಗಗಳಲ್ಲಿ ಮೊದಲು ಕಾಣಿಸಿಕೊಂಡಿದ್ದಕ್ಕೆ ಆ ಹೆಸರು ಅಂಟಿಕೊಂಡಿತು. ಕಾಡಿನಲ್ಲಿ ಅದು ನೆಲೆಸಿರುವುದು ಇಲಿ, ಅಳಿಲಿನಂಥ ದಂಶಕಗಳಲ್ಲಿ ಎಂಬ ಅನುಮಾನವೇ ಹೆಚ್ಚು. 2022ರಲ್ಲಿ ಅದು ಊರೂರು ಸುತ್ತಿದ್ದು ಮನುಷ್ಯರಿಂದ ಮನುಷ್ಯರಿಗೆ, ಮೈಗೆ ಮೈ ತಾಗುವ ನಿಕಟ ಸಂಪರ್ಕದಿಂದ.

ಮೂರಕ್ಕೂ ಮುನ್ನೆಚ್ಚರಿಕೆ ಬೇರೆ ಬೇರೆ. ಒಂದಕ್ಕೆ ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ, ಉಣುಗು ಕಚ್ಚದಂತೆ ತೈಲ ಹಚ್ಚಿಕೊಳ್ಳಬೇಕು. ಇನ್ನೊಂದಕ್ಕೆ ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲಿ ಇರಿಸಿಕೊಳ್ಳಬೇಕು. ಮತ್ತೊಂದಕ್ಕೆ ಗುಳ್ಳೆ ಇರುವವರ ಚರ್ಮ, ಹಾಸಿಗೆ, ಬಟ್ಟೆ ತಾಗದಂತೆ ನೋಡಿಕೊಳ್ಳಬೇಕು. ಹೆಸರನ್ನು ಮಾತ್ರ ಫಾರ್ವರ್ಡ್ ಮಾಡಿದರೆ ಸಾಗರದ ಓದುಗರಿಗೆ ಒಂದು ಅರ್ಥ, ಬೆಂಗಳೂರಿನ ಓದುಗರಿಗೆ ಇನ್ನೊಂದು.

ಹೆಸರಿನ ಗೊಂದಲ ತಮಾಷೆಗೆ ನಿಲ್ಲುವುದೂ ಇಲ್ಲ. 2022ರ ಆಗಸ್ಟ್‌ನಲ್ಲಿ ಬ್ರೆಜಿಲ್‌ನಲ್ಲಿ ಮಂಕಿಪಾಕ್ಸ್ ಭಯಕ್ಕೆ ಮಂಗಗಳಿಗೆ ವಿಷ ಹಾಕಿದ, ಹೊಡೆದು ಗಾಯಗೊಳಿಸಿದ ಘಟನೆಗಳು ವರದಿಯಾದವು. ಅದಕ್ಕೂ ಮುಂಚೆ, 2009ರಲ್ಲಿ 'ಹಂದಿ ಜ್ವರ' ಎಂಬ ಹೆಸರು ಕೇಳಿದ ಈಜಿಪ್ಟ್ ಸರ್ಕಾರ ದೇಶದ ಸುಮಾರು 3 ಲಕ್ಷ ಹಂದಿಗಳನ್ನು ಕೊಲ್ಲಲು ಆದೇಶಿಸಿತು. ರೋಗ ಹರಡುತ್ತಿದ್ದುದು ಮನುಷ್ಯರ ನಡುವೆ. ಕೈರೋದಲ್ಲಿ ಕಸ ಆಯುವವರು ಸಾಕಿದ್ದ ಆ ಹಂದಿಗಳೇ ನಗರದ ಹಸಿ ಕಸ ತಿನ್ನುತ್ತಿದ್ದವು. ಅವು ಹೋದ ಮೇಲೆ ಬೀದಿಗಳಲ್ಲಿ ಕಸ ರಾಶಿ ಬಿತ್ತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ರೋಗಗಳಿಗೆ ಪ್ರಾಣಿ, ಊರು, ವ್ಯಕ್ತಿಗಳ ಹೆಸರಿಡಬೇಡಿ ಎಂದು ಸೂಚನೆ ಹೊರಡಿಸಿತು. ಕೋವಿಡ್-19 ಎಂಬ ಸಪ್ಪೆ ಹೆಸರು ಹುಟ್ಟಿದ್ದು ಆ ನಿಯಮದಿಂದ. 2022ರ ನವೆಂಬರ್ 28ರಂದು ಮಂಕಿಪಾಕ್ಸ್‌ಗೂ 'ಎಂಪಾಕ್ಸ್' ಎಂಬ ಹೊಸ ಹೆಸರು ಬಂತು. ಹೊಸ ಹೆಸರು ಬಂದರೂ ಜನ ಹಳೆಯದನ್ನೇ ಹುಡುಕುತ್ತಾರೆ ಎಂದು ಗೊತ್ತಿದ್ದರಿಂದ ಒಂದು ವರ್ಷ ಎರಡನ್ನೂ ಜೊತೆಗೆ ಬಳಸಿ ಎಂದು ಸಂಸ್ಥೆ ಹೇಳಿತು. ಈ ಉಪಾಯ ನಮ್ಮ ಸಂದೇಶಗಳಿಗೂ ಒಗ್ಗುತ್ತದೆ.

"ಮೂಲ ಅರ್ಥವೇ ನಿಜವಾದ ಅರ್ಥ" ನಿಜವೇ?

ಪದಗಳ ಬಗ್ಗೆ ಓಡಾಡುವ ಫಾರ್ವರ್ಡ್‌ಗಳಲ್ಲಿ ಒಂದು ಬಗೆ ಬಹಳ ಜನಪ್ರಿಯ. "ನಿಮಗಿದು ಗೊತ್ತೇ? ನ್ಯೂಸ್ ಎಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್! ನಾಲ್ಕು ದಿಕ್ಕಿನಿಂದ ಬರುವುದೇ ನ್ಯೂಸ್!" ಓದಲು ಚೆನ್ನಾಗಿದೆ, ಆದರೆ ಸುಳ್ಳು. 'ಹೊಸದು' ಎಂಬ ಅರ್ಥದ 'ನ್ಯೂ' ಪದದ ಬಹುವಚನದ ಹಾಗೆ ಬಳಕೆಗೆ ಬಂದ ಪದ ಅದು. ನಾವು 'ಏನ್ ಹೊಸ ವಿಷಯ?' ಎಂದು ಕೇಳುತ್ತೇವಲ್ಲ, ಹಾಗೆ.

ಇಂಥ ಸಂದೇಶಗಳ ಹಿಂದೆ ಒಂದು ನಂಬಿಕೆ ಇದೆ: ಪದವನ್ನು ಒಡೆದು ನೋಡಿದರೆ ಅದರ ಅಸಲಿ ಅರ್ಥ ಸಿಗುತ್ತದೆ, ಇವತ್ತಿನವರು ಬಳಸುವುದೆಲ್ಲ ತಪ್ಪು. ಹಾಗಿದ್ದರೆ ನಮ್ಮ ಅಡುಗೆಮನೆಯ 'ಎಣ್ಣೆ'ಯ ಕಥೆ ಏನು? ಎಳ್ಳು ಎಂಬುದರ 'ಎಳ್', ಜಿಡ್ಡು ಎಂಬ ಅರ್ಥದ 'ನೆಯ್' ಸೇರಿ ಎಣ್ಣೆ ಆಗಿದೆ. ಒಂದು ಕಾಲಕ್ಕೆ ಎಣ್ಣೆ ಎಂದರೆ ಎಳ್ಳಿನದು ಮಾತ್ರ. ಆಮೇಲೆ ಕೊಬ್ಬರಿ ಎಣ್ಣೆ ಬಂತು, ಕಡಲೆಕಾಯಿ ಎಣ್ಣೆ ಬಂತು. ಹಡಗಿನಲ್ಲಿ ಬಂದ ದೀಪದ ಇಂಧನವೂ ಸೀಮೆಎಣ್ಣೆ ಎನಿಸಿಕೊಂಡಿತು. ಎಳ್ಳಿನದನ್ನು ಬೇರೆ ಮಾಡಿ ಹೇಳಲು 'ಎಳ್ಳೆಣ್ಣೆ' ಎಂದು ಎಳ್ಳನ್ನು ಎರಡು ಸಲ ಹೇಳಬೇಕಾಯಿತು! ಈಗ ಹುಡುಗರು 'ಎಣ್ಣೆ ಪಾರ್ಟಿ' ಎಂದರೆ ಅಲ್ಲಿ ಯಾವ ಎಣ್ಣೆ ಇರುತ್ತದೆ ಎಂದು ವಿವರಿಸಬೇಕಿಲ್ಲ. ಕಡಲೆಕಾಯಿಯದನ್ನು ಎಣ್ಣೆ ಎನ್ನುವುದು ತಪ್ಪು ಎಂದು ಯಾರಾದರೂ ಅಂಗಡಿಯಲ್ಲಿ ವಾದಕ್ಕೆ ನಿಂತರೆ ಅಂಗಡಿಯವರು ಮುಂದಿನ ಗಿರಾಕಿಯನ್ನು ನೋಡುತ್ತಾರೆ.

'ವ್ಯಾಕ್ಸಿನ್' ಪದದ ಬೇರಿನಲ್ಲಿ ಲ್ಯಾಟಿನ್ ಭಾಷೆಯ ಹಸು ಇದೆ. 1796ರಲ್ಲಿ ಎಡ್ವರ್ಡ್ ಜೆನ್ನರ್ ಸಿಡುಬು ತಡೆಯಲು ಬಳಸಿದ್ದು ಹಸುವಿನ ಸಿಡುಬಿನ ಕೀವನ್ನು. ಸುಮಾರು ಒಂದು ಶತಮಾನದ ನಂತರ, 1881ರಲ್ಲಿ ಲೂಯಿ ಪಾಶ್ಚರ್ ಜೆನ್ನರ್‌ಗೆ ಗೌರವವಾಗಿ ಎಲ್ಲ ಬಗೆಯ ಲಸಿಕೆಗೂ ಅದೇ ಪದ ಬಳಸೋಣ ಎಂದರು. ಹಾಗಾಗಿ ಪದದಲ್ಲಿ ಹಸು ಇದೆ ಎಂದ ಮಾತ್ರಕ್ಕೆ ಇವತ್ತಿನ ಲಸಿಕೆಯ ಬಾಟಲಿಯಲ್ಲಿ ಏನಿದೆ ಎಂಬುದು ತಿಳಿಯುವುದಿಲ್ಲ. ಅದನ್ನು ತಿಳಿಯಲು ಬಾಟಲಿಯ ಚೀಟಿ ಓದಬೇಕು.

ಅರ್ಥ ಬದಲಾಗುವುದು ಭಾಷೆ ಕೆಡುವುದಲ್ಲ. ಬಳಸುವವರು ಇರುವ ಭಾಷೆಯಲ್ಲಿ ಅದು ಆಗುತ್ತಲೇ ಇರುತ್ತದೆ. ಇಲ್ಲಿ ನಮ್ಮ ಪಕ್ಷಪಾತವನ್ನೂ ಹೇಳಿಬಿಡುತ್ತೇವೆ: ಜೀವಕ್ಕೆ ಸಂಬಂಧಿಸಿದ ವಿಷಯದಲ್ಲಿ ನಿಘಂಟಿಗೆ ಸರಿಯಾದ ಪದಕ್ಕಿಂತ ಓದುವವರಿಗೆ ತಿಳಿಯುವ ಪದ ದೊಡ್ಡದು. ಪೆಟ್ರೋಲ್ ಟ್ಯಾಂಕರ್‌ಗಳ ಹಿಂದೆ 'ಹೈಲಿ ಇನ್‌ಫ್ಲೇಮಬಲ್' ಎಂದು ಬರೆದಿರುವುದನ್ನು ನೋಡಿರುತ್ತೀರಿ. ಸುಲಭವಾಗಿ ಹೊತ್ತಿಕೊಳ್ಳುವಂಥದ್ದು ಎಂದು ಅರ್ಥ. ಆದರೆ ಇಂಗ್ಲಿಷಿನಲ್ಲಿ 'ಇನ್' ಎಂದು ಶುರುವಾಗುವ ಎಷ್ಟೋ ಪದಗಳಲ್ಲಿ ಅದು 'ಅಲ್ಲ' ಎಂಬ ಅರ್ಥ ಕೊಡುತ್ತದೆ. ಹಾಗಾಗಿ 'ಬೆಂಕಿ ಹತ್ತದ್ದು' ಎಂದು ಯಾರಾದರೂ ಓದಿಕೊಂಡರೆ ಗತಿಯೇನು? ಈ ಭಯಕ್ಕೇ ಅಮೆರಿಕದ ಅಗ್ನಿ ಸುರಕ್ಷತೆಯವರು 1920ರ ದಶಕದಿಂದಲೇ 'ಇನ್' ಬಿಟ್ಟು 'ಫ್ಲೇಮಬಲ್' ಎಂದಷ್ಟೇ ಬರೆಯಿರಿ ಎಂದು ಒತ್ತಾಯಿಸಿದರು. ಹಳೆಯ ಪದ ವ್ಯಾಕರಣಕ್ಕೆ ಸರಿಯಾಗಿಯೇ ಇತ್ತು.

ಯಾವ ಮೆಣಸು? ಯಾವ ಅಮ್ಮ?

ನೆಗಡಿಗೆ ಮನೆಮದ್ದು ಎಂದು 'ಮೆಣಸಿನ ಪುಡಿ ಜೇನುತುಪ್ಪದಲ್ಲಿ ಕಲಸಿ ಕೊಡಿ' ಎನ್ನುವ ಸಂದೇಶಗಳು ಚಳಿಗಾಲ ಬಂದರೆ ಸಾಕು, ಶುರುವಾಗುತ್ತವೆ. ಮೈಸೂರು, ಮಂಡ್ಯದ ಕಡೆ ಮೆಣಸು ಎಂದರೆ ಸಾಮಾನ್ಯವಾಗಿ ಕರಿಮೆಣಸು, ಕಾಳಿನದು. ಕೆಂಪು ಪುಡಿ ಬೇಕಾದರೆ ಅಲ್ಲಿ ಖಾರದಪುಡಿ ಎನ್ನುತ್ತಾರೆ. ಕರಾವಳಿಯಲ್ಲಿ ಮೆಣಸು ಎಂದರೆ ಕೆಂಪು ಒಣಮೆಣಸು. ಕಾಳಿನದಕ್ಕೆ ಅಲ್ಲಿ 'ಒಳ್ಳೆಮೆಣಸು' ಎನ್ನುತ್ತಾರೆ. ಒಂದೇ ಸಂದೇಶ ಮಂಡ್ಯದಿಂದ ಮಂಗಳೂರಿಗೆ ಹೋಗುವಷ್ಟರಲ್ಲಿ ಕಪ್ಪು ಪುಡಿ ಕೆಂಪಾಗುತ್ತದೆ.

ಇದಕ್ಕೆ ಕಾರಣ ಇತಿಹಾಸದಲ್ಲಿದೆ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. 16ನೇ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಅಲ್ಲಿಯವರೆಗೆ ಮೆಣಸು ಒಂದೇ, ಬಳ್ಳಿಯಲ್ಲಿ ಬೆಳೆಯುವ ಕಾಳು. ಹೊಸ ಕಾಯಿಗೂ ಖಾರ ಇದ್ದದ್ದರಿಂದ ಹಳೆಯ ಹೆಸರೇ ಅದಕ್ಕೂ ಸಿಕ್ಕಿತು. ಕೆಲವು ಕಡೆ ಹೊಸಬ ಹೆಸರನ್ನು ಪೂರ್ತಿ ತನ್ನದು ಮಾಡಿಕೊಂಡ. ಹಳಬ ತನ್ನ ಹೆಸರಿನ ಮುಂದೆ 'ಕರಿ', 'ಕಾಳು', 'ಒಳ್ಳೆ' ಎಂದು ಗುರುತು ಹಾಕಿಕೊಳ್ಳಬೇಕಾಯಿತು. ('ಒಳ್ಳೆ' ಎಂದು ಕರೆಸಿಕೊಂಡಿರುವುದರಲ್ಲಿ ಹಳಬರ ಸಣ್ಣ ಅಸಮಾಧಾನ ಇರಬಹುದೇ ಎಂದು ನಮಗೆ ಅನಿಸುವುದುಂಟು.)

ಅದೇ ಸಂದೇಶದಲ್ಲಿ ಇನ್ನೂ ಅಪಾಯದ ಪದ ಒಂದಿರುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ: 'ಮಗುವಿಗೆ ಕೊಡಿ'. ಮಗು ಎಂದರೆ ಆರು ತಿಂಗಳಿನದೋ, ಆರು ವರ್ಷದ್ದೋ? ಒಂದು ವರ್ಷ ತುಂಬದ ಶಿಶುವಿಗೆ ಜೇನುತುಪ್ಪ ಕೊಡಲೇಬಾರದು. ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳು ಶಿಶುವಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಿ ಮೈಯನ್ನು ನಿಶ್ಶಕ್ತಗೊಳಿಸಬಲ್ಲವು. ಬೊಟುಲಿಸಂ ಎನ್ನುವ ಈ ತೊಂದರೆ ಅಪರೂಪದ್ದು, ಆದರೆ ಪ್ರಾಣಾಂತಕವಾಗಬಹುದು. ದೊಡ್ಡವರಿಗೆ ಅದೇ ಜೇನುತುಪ್ಪದಿಂದ ಏನೂ ಆಗುವುದಿಲ್ಲ. 'ಒಂದು ವರ್ಷ ದಾಟಿದ ಮಗು' ಎಂದು ಬರೆಯಲು ಮೂರೇ ಪದ ಹೆಚ್ಚು ಬೇಕು.

ಇನ್ನು 'ಅಮ್ಮ'. ಹಳ್ಳಿಗಳಲ್ಲಿ "ಮಗುವಿಗೆ ಅಮ್ಮ ಆಗಿದೆ" ಎಂದರೆ ಮೈಮೇಲೆ ಗುಳ್ಳೆ ಎದ್ದಿದೆ ಎಂದು ಅರ್ಥ. ಒಂದು ಕಾಲದಲ್ಲಿ ಇದು ಸಿಡುಬಿಗೆ ಹೇಳುತ್ತಿದ್ದ ಮಾತು. ಲಸಿಕೆ ಹಾಕಿಸುವುದಕ್ಕೂ 'ದೇವಿ ಹಾಕಿಸುವುದು' ಎಂದೇ ಹೇಳುತ್ತಿದ್ದರು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣಗಳು ಕಂಡದ್ದು 1975ರಲ್ಲಿ. 1980ರಲ್ಲಿ ಇಡೀ ಜಗತ್ತೇ ಸಿಡುಬಿನಿಂದ ಮುಕ್ತ ಎಂದು ಘೋಷಣೆಯಾಯಿತು. ರೋಗ ಹೋಯಿತು, ಪದ ಉಳಿಯಿತು. ಕೆಲಸವಿಲ್ಲದೆ ಉಳಿದ ಆ ಪದವನ್ನು ಈಗ ಸೀತಾಳೆ ಸಿಡುಬಿಗೂ ದಡಾರಕ್ಕೂ ಬಳಸುತ್ತಾರೆ.

ಈ ಎರಡೂ ಒಂದೇ ಅಲ್ಲ. ಸೀತಾಳೆ ಸಿಡುಬು ಆರೋಗ್ಯವಂತ ಮಕ್ಕಳಲ್ಲಿ ಸಾಮಾನ್ಯವಾಗಿ ತಾನೇ ವಾಸಿಯಾಗುತ್ತದೆ. ದಡಾರ ಬಹಳ ಬೇಗ ಹರಡುವ ರೋಗ. ಪೌಷ್ಟಿಕತೆ ಕಡಿಮೆ ಇರುವ ಮಗುವಿಗೆ ನ್ಯುಮೋನಿಯಾ ತರಬಹುದು, ಕಣ್ಣಿಗೆ ಹಾನಿ ಮಾಡಬಹುದು, ಜೀವಕ್ಕೂ ಕುತ್ತಾಗಬಹುದು. ಅದಕ್ಕೆ ವಿಟಮಿನ್ ಎ ಕೊಡುವ ಕ್ರಮವಿದೆ, ಸುತ್ತಲಿನ ಮಕ್ಕಳ ಲಸಿಕೆ ಆಗಿದೆಯೇ ಎಂದು ನೋಡುವ ಕೆಲಸವಿದೆ. 2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ದೇಶದಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮನೆಯವರು ಆಶಾ ಕಾರ್ಯಕರ್ತೆಗೆ "ಅಮ್ಮ ಆಗಿದೆ" ಎಂದಷ್ಟೇ ಹೇಳಿದರೆ ಯಾವ ಅಮ್ಮ ಎಂದು ಅವರು ಕೇಳಲೇಬೇಕು. "ಮೊದಲು ಜ್ವರ, ಕಣ್ಣು ಕೆಂಪು, ಕೆಮ್ಮು, ಆಮೇಲೆ ಮುಖದಿಂದ ಕೆಳಗೆ ಕೆಂಪು ದದ್ದು" ಎಂದರೆ ಅನುಮಾನ ದಡಾರದ ಕಡೆ. "ನೀರು ತುಂಬಿದ ಗುಳ್ಳೆ, ತುರಿಕೆ" ಎಂದರೆ ಸೀತಾಳೆಯ ಕಡೆ. ನಂಬಿಕೆಯ ಪದವನ್ನು ಬಿಡಬೇಕಿಲ್ಲ, ಅದರ ಜೊತೆಗೆ ಕಣ್ಣಿಗೆ ಕಂಡದ್ದನ್ನೂ ಹೇಳಬೇಕು.

ಹಾರ್ಟ್ ಅಟ್ಯಾಕ್, ಹಾರ್ಟ್ ಫೇಲ್, ಗ್ಯಾಸ್ಟ್ರಿಕ್

"ಒಬ್ಬರೇ ಇರುವಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮಿ, ಜೀವ ಉಳಿಸಿಕೊಳ್ಳಿ. ಹತ್ತು ಜನರಿಗೆ ಕಳಿಸಿ." ಈ ಸಂದೇಶಕ್ಕೆ ಕಾಲು ಶತಮಾನದ ವಯಸ್ಸಾಗಿದೆ. ಸ್ಮಾರ್ಟ್‌ಫೋನ್ ಬರುವ ಮೊದಲು, 1999ರ ಸುಮಾರಿಗೆ, ಇಂಗ್ಲಿಷಿನಲ್ಲಿ ಈಮೇಲ್ ಮೂಲಕ ಸುತ್ತುತ್ತಿತ್ತು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದನ್ನು ಒಪ್ಪುವುದಿಲ್ಲ. ಆದರೂ ಅದು ಸಾಯುತ್ತಿಲ್ಲ. ಯಾಕೆಂದರೆ ಅದರ ತಪ್ಪು ಅಡಗಿರುವುದು ಒಂದು ಪದದಲ್ಲಿ.

ಹೃದಯಾಘಾತ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಆಗ ವ್ಯಕ್ತಿಗೆ ಸಾಮಾನ್ಯವಾಗಿ ಪ್ರಜ್ಞೆ ಇರುತ್ತದೆ. ಎದೆ ಹಿಂಡಿದಂತೆ, ಭಾರ ಇಟ್ಟಂತೆ ಆಗುತ್ತದೆ, ನೋವು ತೋಳು, ದವಡೆ, ಬೆನ್ನಿಗೆ ಹರಡಬಹುದು, ಬೆವರು, ಉಸಿರುಕಟ್ಟುವಿಕೆ ಇರಬಹುದು. ಹೃದಯ ಸ್ತಂಭನ ಬೇರೆ. ಅದು ಹೃದಯದ ವಿದ್ಯುತ್ ಲಯ ತಪ್ಪಿ ರಕ್ತ ಪಂಪ್ ಮಾಡುವುದೇ ನಿಂತುಹೋಗುವುದು. ಕೆಲವೇ ಸೆಕೆಂಡುಗಳಲ್ಲಿ ವ್ಯಕ್ತಿ ಕುಸಿಯುತ್ತಾರೆ, ಪ್ರಜ್ಞೆ ಇರುವುದಿಲ್ಲ. ಹೃದಯಾಘಾತ ಮುಂದೆ ಹೃದಯ ಸ್ತಂಭನಕ್ಕೆ ದಾರಿಯಾಗಬಹುದು, ಆದರೆ ಎರಡೂ ಒಂದಲ್ಲ. ನಮ್ಮ ಪತ್ರಿಕೆ, ಟಿವಿಗಳು ಎರಡಕ್ಕೂ 'ಹೃದಯಾಘಾತ' ಎಂದೇ ಬರೆದು ಬರೆದು ಪದ ಹಿಗ್ಗಿಹೋಗಿದೆ.

ಕೆಮ್ಮಿನ ಕಥೆ ಎಲ್ಲಿಂದ ಬಂತು? ಆಸ್ಪತ್ರೆಯಲ್ಲಿ ರೋಗಿಯ ಹೃದಯದ ಲಯ ಪರದೆಯ ಮೇಲೆ ಕಾಣುತ್ತಿರುವಾಗ, ಲಯ ತಪ್ಪಿದ ಕ್ಷಣವೇ ಪಕ್ಕದಲ್ಲಿರುವ ವೈದ್ಯರು ಜೋರಾಗಿ ಕೆಮ್ಮಲು ಹೇಳುವ ವಿಶೇಷ ಸಂದರ್ಭ ಒಂದಿದೆ. ಪ್ರಜ್ಞೆ ತಪ್ಪುವವರೆಗಿನ ಕೆಲವು ಸೆಕೆಂಡು ಮೆದುಳಿಗೆ ಸ್ವಲ್ಪ ರಕ್ತ ಹರಿಸುವ ಉಪಾಯ ಅದು. ನಾಳ ಕಟ್ಟಿಕೊಂಡು ಎದೆ ನೋಯುತ್ತಿರುವವರು ಮನೆಯಲ್ಲಿ ಕೂತು ಕೆಮ್ಮಿದರೆ ನಾಳ ತೆರೆಯುವುದಿಲ್ಲ, ಆಸ್ಪತ್ರೆಗೆ ಹೋಗಬೇಕಾದ ಸಮಯ ಮಾತ್ರ ಹಾಳಾಗುತ್ತದೆ. ಎದೆನೋವಿಗೆ ಮಾಡಬೇಕಾದದ್ದು ತಕ್ಷಣ 108ಕ್ಕೆ ಕರೆ. ಕುಸಿದುಬಿದ್ದು ಮಾತಾಡಿಸಿದರೆ ಉತ್ತರವಿಲ್ಲ, ಉಸಿರಾಟ ಸರಿಯಿಲ್ಲ ಎಂದರೆ 108ಕ್ಕೆ ಕರೆ ಮಾಡಿಸಿ, ಪಕ್ಕದಲ್ಲಿರುವವರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತಲು ಶುರುಮಾಡಬೇಕು.

'ಹಾರ್ಟ್ ಫೇಲ್' ಎಂಬುದು ಇನ್ನೂ ವಿಚಿತ್ರ. "ಹಾರ್ಟ್ ಫೇಲ್ ಆಗಿ ಹೋಗಿಬಿಟ್ರು" ಎಂದರೆ ನಮ್ಮ ಮಾತಿನಲ್ಲಿ ದಿಢೀರ್ ಸಾವು. ವೈದ್ಯರ ಭಾಷೆಯ ಹಾರ್ಟ್ ಫೇಲ್ಯೂರ್ ಎಂದರೆ ಹೃದಯ ದುರ್ಬಲವಾಗಿ ಬೇಕಾದಷ್ಟು ರಕ್ತ ಪಂಪ್ ಮಾಡದಿರುವ ದೀರ್ಘಕಾಲದ ಸ್ಥಿತಿ. ಔಷಧಿ, ಉಪ್ಪಿನ ಮಿತಿ ಪಾಲಿಸಿಕೊಂಡು ಅದರೊಂದಿಗೆ ವರ್ಷಗಟ್ಟಲೆ ಬಾಳುವವರಿದ್ದಾರೆ. ರಿಪೋರ್ಟಿನಲ್ಲಿ ಆ ಪದ ನೋಡಿ ಮನೆಮಂದಿ ಅಳಲು ಶುರುಮಾಡಿದರೆ ಅವರ ತಪ್ಪೇನಿಲ್ಲ.

ಈ ಗುಂಪಿನಲ್ಲಿ ನಮಗೆ ಹೆಚ್ಚು ಭಯ ಹುಟ್ಟಿಸುವ ಪದ 'ಗ್ಯಾಸ್ಟ್ರಿಕ್'. ಇಂಗ್ಲಿಷಿನಲ್ಲಿ ಅದು 'ಜಠರಕ್ಕೆ ಸಂಬಂಧಿಸಿದ' ಎಂಬ ವಿಶೇಷಣ ಮಾತ್ರ, ಕಾಯಿಲೆಯ ಹೆಸರಲ್ಲ. ಕನ್ನಡದಲ್ಲಿ ಎದೆಯುರಿ, ಹುಳಿತೇಗು, ಹೊಟ್ಟೆ ಉಬ್ಬರ, ವಾಯು, ಪಕ್ಕೆನೋವು ಎಲ್ಲವನ್ನೂ ಅದೊಂದೇ ಹೊತ್ತಿದೆ. ಹೃದಯಾಘಾತದ ನೋವು ಕೆಲವರಲ್ಲಿ, ಅದರಲ್ಲೂ ಮಹಿಳೆಯರು, ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರಲ್ಲಿ, ಬರೀ ಸುಸ್ತು, ವಾಕರಿಕೆ, ಮೇಲುಹೊಟ್ಟೆಯ ಸಂಕಟದಂತೆ ಕಾಣಬಹುದು. "ಗ್ಯಾಸ್ಟ್ರಿಕ್ ಇರ್ಬೇಕು, ಸೋಡಾ ಕುಡಿ" ಎಂದು ಒಂದು ರಾತ್ರಿ ಕಳೆದರೆ ಬೆಳಗಾಗುವಷ್ಟರಲ್ಲಿ ಹೃದಯದ ಸ್ನಾಯು ಸತ್ತಿರುತ್ತದೆ. ವೈದ್ಯರ ಬಳಿ ಹೋದಾಗ ಗ್ಯಾಸ್ಟ್ರಿಕ್ ಎಂಬ ಪದವನ್ನು ಮನೆಯಲ್ಲೇ ಬಿಟ್ಟು ಹೋಗಿ. ಎಲ್ಲಿ ನೋವು, ಯಾವಾಗಿನಿಂದ, ನಡೆದರೆ ಹೆಚ್ಚೋ, ಉಂಡ ಮೇಲೆ ಹೆಚ್ಚೋ ಎಂದು ಹೇಳಿ.

("ನಂಗೆ ಬಿಪಿ ಇದೆ" ಎನ್ನುವುದೂ ಹೀಗೆಯೇ. ಬಿಪಿ ಇಲ್ಲದವರು ಬದುಕಿರಲು ಸಾಧ್ಯವಿಲ್ಲ! ಆದರೆ ಎಲ್ಲರಿಗೂ ಅದರ ಅರ್ಥ 'ಹೆಚ್ಚಿದೆ' ಎಂದೇ ಗೊತ್ತಿರುವುದರಿಂದ ತೊಂದರೆಯಿಲ್ಲ. ಕಡಿಮೆ ಬಿಪಿ ಇರುವವರು ಮಾತ್ರ ಬಿಡಿಸಿ ಹೇಳಬೇಕು.)

ವಿಜ್ಞಾನಿಗಳೂ ಎಡವುತ್ತಾರೆ

2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ 'ಏರ್‌ಬೋರ್ನ್' ಅಲ್ಲ ಎಂದು ಟ್ವೀಟ್ ಮಾಡಿತು. ಗಾಳಿಯ ಮೂಲಕ ಬರುವುದಿಲ್ಲ ಎಂದೇ ಜನಸಾಮಾನ್ಯರು ಓದಿಕೊಂಡರು. ಆದರೆ ಆಸ್ಪತ್ರೆಯ ಸೋಂಕು ನಿಯಂತ್ರಣದವರಿಗೆ ಆ ಪದ ಒಂದು ಪಾರಿಭಾಷಿಕ ಪದ. 5 ಮೈಕ್ರಾನ್‌ಗಿಂತ ಸಣ್ಣ ಕಣಗಳಲ್ಲಿ ದೂರದವರೆಗೆ ತೇಲುವ, ದಡಾರ, ಕ್ಷಯದಂಥ ರೋಗಗಳಿಗೆ ಮಾತ್ರ ಅದು ಮೀಸಲು. ಅದಕ್ಕಿಂತ ದೊಡ್ಡ ತುಂತುರು ಹನಿ ಬೇಗ ನೆಲಕ್ಕೆ ಬೀಳುತ್ತದೆ ಎಂದು ಲೆಕ್ಕ. ಗಾಳಿಯ ಭೌತಶಾಸ್ತ್ರ ಬಲ್ಲವರು ಈ 5ರ ಗೆರೆಯೇ ಸರಿಯಿಲ್ಲ, ಇನ್ನೂ ದೊಡ್ಡ ಕಣಗಳೂ ಮುಚ್ಚಿದ ಕೋಣೆಯಲ್ಲಿ ತೇಲುತ್ತವೆ ಎಂದರು. ಜುಲೈನಲ್ಲಿ 239 ವಿಜ್ಞಾನಿಗಳ ಬೆಂಬಲದೊಂದಿಗೆ ಒಂದು ಬಹಿರಂಗ ಪತ್ರವೇ ಬಂತು. ಅಷ್ಟರಲ್ಲಿ ಜನ ಕೈ ತೊಳೆದುಕೊಂಡು, ತರಕಾರಿ ತೊಳೆದುಕೊಂಡು, ಕಿಟಕಿ ಮುಚ್ಚಿಕೊಂಡು ಕೂತಿದ್ದರು.

ನಾಲ್ಕು ವರ್ಷಗಳ ನಂತರ, 2024ರ ಏಪ್ರಿಲ್‌ನಲ್ಲಿ, ಸಂಸ್ಥೆ ಬೇರೆ ಬೇರೆ ಕ್ಷೇತ್ರದ ತಜ್ಞರನ್ನು ಕೂರಿಸಿ ಒಪ್ಪಿಸಿದ ಪದಗಳ ವರದಿ ಪ್ರಕಟಿಸಿತು. ಜಗಳದ ಹಳೆಯ ಪದವನ್ನು ಹಿಂದೆ ಸರಿಸಿ 'ಗಾಳಿಯ ಮೂಲಕ ಹರಡುವ' ಎಂಬ ಸರಳ ಮಾತಿಗೆ ಅವರೆಲ್ಲ ಬಂದು ನಿಂತರು. ನಮ್ಮ ಅಜ್ಜಿಯರು ಮೊದಲ ದಿನವೇ ಹಾಗೆ ಹೇಳಿರುತ್ತಿದ್ದರು ಎನ್ನಬಹುದು. ಆದರೆ ಅಳೆದು ನೋಡಿ ಒಪ್ಪುವುದಕ್ಕೂ ಅಂದಾಜಿಗೆ ಹೇಳುವುದಕ್ಕೂ ವ್ಯತ್ಯಾಸವಿದೆ.

'ಸೋಶಿಯಲ್ ಡಿಸ್ಟೆನ್ಸಿಂಗ್' ಪದವನ್ನೂ ಅದೇ ಮಾರ್ಚ್‌ನಲ್ಲಿ ಸಂಸ್ಥೆ ಬದಲಿಸಿ 'ದೈಹಿಕ ಅಂತರ' ಎಂದಿತು. ದೂರ ನಿಲ್ಲಬೇಕಾದದ್ದು ದೇಹ, ಸಂಬಂಧವಲ್ಲ. ಜಾತಿಯ ಹೆಸರಲ್ಲಿ ಮನುಷ್ಯರನ್ನು ದೂರ ಇಟ್ಟ ನಮ್ಮ ನೆಲದಲ್ಲಿ 'ಸಾಮಾಜಿಕ ಅಂತರ' ಎಂಬ ಅನುವಾದ ಕಿವಿಗೆ ಇನ್ನೂ ಕಹಿಯಾಗಿತ್ತು. ಆದರೂ ಕಾಲರ್ ಟ್ಯೂನ್, ಗೋಡೆ ಬರಹಗಳಲ್ಲಿ ಮೊದಲು ಬಂದದ್ದೇ ಉಳಿಯಿತು.

ನಾಳೆ ಎಂದರೆ ಯಾವತ್ತು?

ಕೆಲವು ಪದಗಳ ಅರ್ಥ ಬದಲಾಗಲು ಶತಮಾನ ಬೇಕಿಲ್ಲ, ರಾತ್ರಿ 12 ಗಂಟೆ ಹೊಡೆದರೆ ಸಾಕು. "ನಾಳೆ ಕರೆಂಟ್ ಇರುವುದಿಲ್ಲ", "ಇಂದು ಬೆಳಿಗ್ಗೆ ನಮ್ಮೂರಿನಲ್ಲಿ ಮಗು ಕಾಣೆಯಾಗಿದೆ", "ತುರ್ತಾಗಿ ರಕ್ತ ಬೇಕು" ಎಂಬ ಸಂದೇಶಗಳು ದಿನಾಂಕವಿಲ್ಲದೆ ಹೊರಟರೆ ಅವುಗಳ 'ನಾಳೆ' ಎಂದೂ ಮುಗಿಯುವುದಿಲ್ಲ. ರಕ್ತ ಸಿಕ್ಕಿ ರೋಗಿ ಮನೆಗೆ ಹೋದ ಮೇಲೂ ಆ ಮನೆಗೆ ಕರೆಗಳು ಬರುತ್ತಲೇ ಇರುತ್ತವೆ.

ಔಷಧಿಯ ವಿಷಯದಲ್ಲಿ ದಿನದ ಲೆಕ್ಕ ಇನ್ನೂ ಸೂಕ್ಷ್ಮ. ನಮ್ಮಲ್ಲಿ 'ಎಂಟು ದಿನ ಬಿಟ್ಟು ಬಾ' ಎಂದರೆ ಒಂದು ವಾರ. 'ಹದಿನೈದು ದಿನ' ಎಂದರೆ ಎರಡು ವಾರ. 'ದಿನ ಬಿಟ್ಟು ದಿನ', 'ದಿನಕ್ಕೆ ಎರಡು', 'ಎರಡು ದಿನಕ್ಕೊಂದು' ಇವು ಕೇಳುವಾಗ ಕಿವಿಯಲ್ಲಿ ಒಂದಕ್ಕೊಂದು ಬೆರೆತುಹೋಗುತ್ತವೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೆ ಒಮ್ಮೆ ಮಾತ್ರ ತೆಗೆದುಕೊಳ್ಳಬೇಕು. ಅದನ್ನು ತಪ್ಪಿ ದಿನಾ ನುಂಗಿ ಸತ್ತವರು ಹಲವು ದೇಶಗಳಲ್ಲಿದ್ದಾರೆ. ಅದಕ್ಕೇ ಚೀಟಿಯ ಮೇಲೆ 'ವಾರಕ್ಕೊಮ್ಮೆ' ಎಂಬುದರ ಜೊತೆ 'ಪ್ರತಿ ಸೋಮವಾರ ಮಾತ್ರ' ಎಂದು ದಿನದ ಹೆಸರನ್ನೇ ಬರೆಸಿಕೊಳ್ಳುವುದು ಒಳ್ಳೆಯದು. ಮನೆಯ ಹಿರಿಯರಿಗೆ ಹೇಳಿದ ಮೇಲೆ "ಗೊತ್ತಾಯ್ತಾ?" ಎಂದು ಕೇಳಬೇಡಿ, ಎಲ್ಲರೂ "ಹೂಂ" ಎನ್ನುತ್ತಾರೆ. "ಯಾವಾಗ ತಗೋತೀರ, ಹೇಳಿ ನೋಡೋಣ" ಎಂದು ಕೇಳಿ. ಅರ್ಥವಾಗಿದೆಯೇ ಎಂದು ತಿಳಿಯಲು ಆಸ್ಪತ್ರೆಗಳಲ್ಲಿ ಕಲಿಸುವ ವಿಧಾನ ಇದೇ.

ಗ್ರೂಪ್‌ನಲ್ಲಿ ಬರುವ ಹೆಬ್ಬೆಟ್ಟಿನ ಚಿತ್ರವನ್ನೂ ನಂಬಬೇಡಿ. ಒಬ್ಬರಿಗೆ ಅದು 'ನೋಡಿದೆ', ಇನ್ನೊಬ್ಬರಿಗೆ 'ಒಪ್ಪಿದೆ'. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದಲ್ಲಿ ಅಗಸೆ ಬೀಜ ಮಾರಾಟದ ಒಪ್ಪಂದದ ಫೋಟೋಗೆ ರೈತರೊಬ್ಬರು ಹೆಬ್ಬೆಟ್ಟಿನ ಎಮೋಜಿ ಕಳಿಸಿದ್ದರು. ತಲುಪಿತು ಎಂದಷ್ಟೇ ನನ್ನ ಅರ್ಥ ಎಂದು ಅವರು ವಾದಿಸಿದರು. 2023ರಲ್ಲಿ ನ್ಯಾಯಾಲಯ ಅದನ್ನು ಸಹಿ ಎಂದೇ ಪರಿಗಣಿಸಿ ಸುಮಾರು 82 ಸಾವಿರ ಕೆನಡಾ ಡಾಲರ್ ಕಟ್ಟಿ ಎಂದಿತು. ಹೆಬ್ಬೆಟ್ಟು ಒತ್ತಿದರೆ ಸಹಿ ಹಾಕಿದಂತೆ ಎಂಬುದು ನಮ್ಮ ಊರಿನ ಸಾಲಪತ್ರಗಳಿಗೆ ಹೊಸ ವಿಷಯವಲ್ಲ.

ಹಾಗಾದರೆ ಬರೆಯುವುದು ಹೇಗೆ?

ಮತ್ತೆ ಮಂಗನ ವಿಷಯಕ್ಕೆ ಬರೋಣ. "ಮಂಗನ ರೋಗ ಬಂದಿದೆ, ಎಚ್ಚರ!" ಎನ್ನುವ ಬದಲು ಮಲೆನಾಡಿನ ಗ್ರೂಪ್ ಒಂದಕ್ಕೆ ಹೀಗೆ ಬರೆಯಬಹುದು. ಮೊದಲಿಗೆ ನಿಮ್ಮ ಊರು, ತಾಲ್ಲೂಕಿನ ಹೆಸರಿರಲಿ:

"2025ರ ಜನವರಿ 14, ಮಂಗಳವಾರ ಬೆಳಿಗ್ಗೆ ನಮ್ಮ ಊರಿನ ಶಾಲೆಯ ಹಿಂದಿನ ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ. ಅರಣ್ಯ ಇಲಾಖೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಿಳಿಸಿದ್ದೇವೆ. ಅವರು ಬಂದು ನೋಡುವವರೆಗೆ ಆ ಕಡೆ ಸೌದೆ, ಸೊಪ್ಪಿಗೆ ಹೋಗಬೇಡಿ, ದನ ಬಿಡಬೇಡಿ. ಉಣುಗು (ದನದ ಮೈಮೇಲೆ ಇರುವ ರಕ್ತ ಹೀರುವ ಹುಳು) ಕಚ್ಚಿದರೆ ಮಂಗನ ಕಾಯಿಲೆ (ಕ್ಯಾಸನೂರು ಕಾಯಿಲೆ, ಕೆಎಫ್‌ಡಿ) ಬರಬಹುದು. ದಿಢೀರ್ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ಹೇಳಿ. ಇದು ಮಂಕಿಪಾಕ್ಸ್ (ಎಂಪಾಕ್ಸ್) ಅಲ್ಲ. ಬದುಕಿರುವ ಮಂಗಗಳಿಗೆ ಹೊಡೆಯಬೇಡಿ."

ಉದ್ದವಾಯಿತು ಎನಿಸಬಹುದು. ಆದರೆ ಇದನ್ನು ಮುಂದಿನ ತಿಂಗಳು ಓದಿದವರಿಗೂ ಇದು ಹಳೆಯದು ಎಂದು ತಿಳಿಯುತ್ತದೆ, ಕಲಬುರಗಿಯಲ್ಲಿ ಓದಿದವರಿಗೂ ಇದು ತಮ್ಮ ಊರಿನದಲ್ಲ ಎಂದು ತಿಳಿಯುತ್ತದೆ. ಉಣುಗು ಎಂಬ ಪದದ ಮುಂದೆ ವಿವರಣೆ ಹಾಕಿದ್ದಕ್ಕೂ ಕಾರಣವಿದೆ. ಮಲೆನಾಡಿನಲ್ಲಿ ಕೆಲವರು ಈ ಹುಳುವನ್ನು 'ಉಣ್ಣೆ' ಎನ್ನುತ್ತಾರೆ. ಪೇಟೆಯ ಓದುಗರಿಗೆ ಉಣ್ಣೆ ಎಂದರೆ ಸ್ವೆಟರ್ ಹೆಣೆಯುವ ನೂಲು.